‘ಬೇಡ’ ಎನ್ನುವ ಹಕ್ಕು: ಮನಶ್ಶಾಸ್ತ್ರ ಸಂಶೋಧನೆಯಲ್ಲಿ ಪಾಲ್ಗೊಳ್ಳುವವರ ರಕ್ಷಣೆ

ಎಂ.ಎಸ್ಸಿ. ಮನಶ್ಶಾಸ್ತ್ರದ ಕೊನೆಯ ಸೆಮಿಸ್ಟರ್ ಬಂತೆಂದರೆ ಹೈಸ್ಕೂಲುಗಳಿಗೆ ಪ್ರಶ್ನಾವಳಿಗಳ ಕಟ್ಟು ಬರತೊಡಗುತ್ತದೆ. ಮುಖ್ಯೋಪಾಧ್ಯಾಯರು ಒಂದು ಪೀರಿಯಡ್ ಬಿಟ್ಟುಕೊಡುತ್ತಾರೆ. ಕ್ಲಾಸ್ ಟೀಚರ್ ಒಂಬತ್ತನೇ ತರಗತಿಗೆ ಬಂದು ‘ಎಲ್ಲರೂ ತುಂಬಬೇಕು, ಯಾರೂ ಖಾಲಿ ಬಿಡಬಾರದು’ ಎಂದು ಹೇಳಿ ಹೋಗುತ್ತಾರೆ. ಹಾಳೆಯ ತಲೆಯಲ್ಲಿ ಹೆಸರು, ರೋಲ್ ನಂಬರ್, ತಂದೆಯ ಉದ್ಯೋಗ. ಅದರ ಕೆಳಗೆ ಮನೆಯ ಜಗಳ, ಒಂಟಿತನ, ಭಯ, ನಿದ್ದೆ ಬಾರದ ರಾತ್ರಿಗಳ ಬಗ್ಗೆ ಸಾಲು ಸಾಲು ಪ್ರಶ್ನೆಗಳು. ಒಂದೇ ಬೆಂಚಿನಲ್ಲಿ ಕೂತ ಗೆಳತಿಗೆ ಪಕ್ಕದವಳು ಎಲ್ಲಿ ಟಿಕ್ ಹಾಕಿದಳೆಂದು ಕಾಣುತ್ತದೆ. ಬೆಲ್ ಹೊಡೆಯುವಷ್ಟರಲ್ಲಿ ಹಾಳೆಗಳೆಲ್ಲ ಬ್ಯಾಗು ಸೇರುತ್ತವೆ.

ಇದರಲ್ಲಿ ಯಾರೂ ಕೆಟ್ಟವರಲ್ಲ. ಸಂಶೋಧನೆಗೆ ಬಂದವಳಿಗೆ ಸ್ಯಾಂಪಲ್ ಬೇಕು, ಶಾಲೆಗೆ ಸಹಾಯ ಮಾಡುವ ಮನಸ್ಸಿದೆ. ಆದರೆ ‘ನಿನಗೆ ಇಷ್ಟವಿದೆಯೇ?’ ಎಂದು ಬೆಂಚಿನಲ್ಲಿ ಕೂತ ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ‘ಬೇಡ’ ಎನ್ನುವ ಧೈರ್ಯ ಆ ಕೋಣೆಯಲ್ಲಿ ಅವಳಿಗೆ ಬರುತ್ತಿರಲಿಲ್ಲ.

ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ರಕ್ತ ತೆಗೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ‘ಬರೀ ಪ್ರಶ್ನೆ ತಾನೇ’ ಎಂಬ ಸಸಾರ ಇಲ್ಲಿಂದಲೇ ಹುಟ್ಟುತ್ತದೆ. ಪ್ರಶ್ನೆಯೂ ನೋಯಿಸಬಲ್ಲದು, ಗುಟ್ಟು ಹೊರಬಿದ್ದರೆ ಮಾನ ಹೋಗಬಲ್ಲದು, ಸಂಶೋಧಕರು ಹೇಳಿದ ಒಂದು ಸುಳ್ಳು ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಸಂಶೋಧನೆ ಮಾಡುವ ವಿದ್ಯಾರ್ಥಿಗಳು, ಅವರ ಗೈಡ್‌ಗಳು, ಇಂಥ ಫಾರ್ಮ್ ಕೈಗೆ ಬಂದಾಗ ಏನು ಮಾಡಬೇಕೆಂದು ತಿಳಿಯದ ಪಾಲಕರು, ಶಿಕ್ಷಕರು, ಮತ್ತು ಪಾಲ್ಗೊಳ್ಳುವವರೇ ಓದಲೆಂದು ಈ ಲೇಖನ ಬರೆದಿದ್ದೇನೆ. ಎಲ್ಲ ನಿಯಮಗಳ ಬೇರಿನಲ್ಲಿರುವುದು ಒಂದೇ ಪರೀಕ್ಷೆ ಎಂದು ನಾನು ನಂಬಿದ್ದೇನೆ: ಎದುರಿಗಿರುವ ವ್ಯಕ್ತಿ ಏನನ್ನೂ ಕಳೆದುಕೊಳ್ಳದೆ, ಯಾರ ಮುಖ ನೋಡಿ ಹಿಂಜರಿಯದೆ ‘ಬೇಡ’ ಎನ್ನಬಲ್ಲರೇ?

ಒಂದು ಎಂ.ಎ. ಪ್ರಬಂಧ ಮಾಡಿದ ಗಾಯ

ನಿಯಮಗಳು ಸುಮ್ಮನೆ ಹುಟ್ಟಲಿಲ್ಲ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮೇರಿ ಟ್ಯೂಡರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ತನ್ನ ಗೈಡ್ ವೆಂಡೆಲ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ಪ್ರಬಂಧಕ್ಕಾಗಿ ಒಂದು ಪ್ರಯೋಗ ಮಾಡಿದಳು. ಮಕ್ಕಳಿಗೆ ಪದೇ ಪದೇ ‘ನೀನು ತೊದಲುತ್ತೀಯ’ ಎಂದು ಹೇಳಿದರೆ ಅದರಿಂದಲೇ ತೊದಲು ಹುಟ್ಟುತ್ತದೆಯೇ ಎಂಬುದು ಪ್ರಶ್ನೆ. ಡೇವನ್‌ಪೋರ್ಟ್ ಊರಿನ ಅನಾಥಾಲಯದಿಂದ 22 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಸರಾಗವಾಗಿ ಮಾತನಾಡುತ್ತಿದ್ದ ಆರು ಮಕ್ಕಳಿಗೆ, ನಿಮ್ಮ ಮಾತು ಸರಿಯಿಲ್ಲ, ತೊದಲು ಶುರುವಾಗಿದೆ, ಸರಿಯಾಗಿ ಹೇಳಲಾಗದಿದ್ದರೆ ಮಾತನಾಡಲೇಬೇಡಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ಮಾತು ಕಡಿಮೆ ಮಾಡಿದರು, ತರಗತಿಯಲ್ಲಿ ಬಾಯಿ ಬಿಡಲು ಅಂಜಿದರು. ಪ್ರಬಂಧ ಮುಗಿದು ಗ್ರಂಥಾಲಯದ ಕಪಾಟು ಸೇರಿತು. ತಮ್ಮ ಮೇಲೆ ನಡೆದದ್ದು ಪ್ರಯೋಗವೆಂದು ಆ ಮಕ್ಕಳಿಗೆ ಗೊತ್ತಾದದ್ದು 2001ರಲ್ಲಿ, ಪತ್ರಿಕೆಯೊಂದು ಅದನ್ನು ಬಯಲಿಗೆಳೆದಾಗ. ಅಷ್ಟರಲ್ಲಿ ಅವರು ಮುದುಕರಾಗಿದ್ದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು.

ಈ ಪ್ರಕರಣವನ್ನು ನಾನು ಮೊದಲು ಹೇಳುವುದಕ್ಕೆ ಕಾರಣವಿದೆ. ದೊಡ್ಡ ಪ್ರಯೋಗಾಲಯ, ದೊಡ್ಡ ಹಣ, ದೊಡ್ಡ ಹೆಸರು ಇದ್ದಲ್ಲಿ ಮಾತ್ರ ಅನ್ಯಾಯ ನಡೆಯುತ್ತದೆಂದು ನಾವು ಭಾವಿಸುತ್ತೇವೆ. ಇದು ಪದವಿಗಾಗಿ ಬರೆದ ಒಂದು ಪ್ರಬಂಧವಷ್ಟೇ. ಅನಾಥಾಲಯದಲ್ಲಿ ಆ ಮಕ್ಕಳ ಪರವಾಗಿ ‘ಬೇಡ’ ಎನ್ನುವ ತಂದೆತಾಯಿ ಇರಲಿಲ್ಲ. ಇಂದಿಗೂ ಸ್ಯಾಂಪಲ್ ‘ಸುಲಭವಾಗಿ ಸಿಗುವ’ ಜಾಗಗಳು ಇಂಥವೇ: ವಸತಿ ಶಾಲೆ, ಬಾಲಮಂದಿರ, ವೃದ್ಧಾಶ್ರಮ, ಜೈಲು, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ. ಸುಲಭವಾಗಿ ಸಿಗುತ್ತಾರೆ ಎಂಬುದೇ ಅವರನ್ನು ಆರಿಸಲು ಕಾರಣವಾದರೆ ಅಲ್ಲಿ ಒಮ್ಮೆ ನಿಲ್ಲಬೇಕು. ನನ್ನ ಪ್ರಶ್ನೆಗೆ ಈ ಜನರೇ ಬೇಕೇ, ಇದರಿಂದ ಇವರಿಗೇ ಏನಾದರೂ ಪ್ರಯೋಜನವಿದೆಯೇ ಎಂದು ಕೇಳಿಕೊಳ್ಳಬೇಕು.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಆರಂಭಿಸಿದ ವಿಧೇಯತೆಯ ಪ್ರಯೋಗ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ ಜನರನ್ನು ಕರೆಸಿ, ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಶಾಕ್ ಕೊಡಿಸಿದರು. ಶಾಕ್ ನಿಜವಲ್ಲ, ಆ ಮನುಷ್ಯ ನಟ. ಅದು ಕೊಡುವವರಿಗೆ ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಂತೆ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ಹೋದವರು ಕಲ್ಲುಮನಸ್ಸಿನವರೇನಲ್ಲ, ಬೆವರಿದರು, ನಡುಗಿದರು, ಮಾತು ತಡವರಿಸಿತು. ‘ಸಾಕು’ ಎಂದವರಿಗೆ ಉತ್ತರವಾಗಿ ಪ್ರಯೋಗಕಾರನ ಬಳಿ ಮೊದಲೇ ಬರೆದಿಟ್ಟ ನಾಲ್ಕು ವಾಕ್ಯಗಳಿದ್ದವು, ಒಂದಕ್ಕಿಂತ ಒಂದು ಬಿಗಿ. ಕೊನೆಯದು, ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು ಎಂಬರ್ಥದ್ದು. ಹಣವನ್ನು ಬಂದ ಕೂಡಲೇ ಕೊಟ್ಟಿದ್ದರು, ಎದ್ದು ಹೋದರೂ ಅದು ಅವರದೇ ಎಂದೂ ಹೇಳಿದ್ದರು. ಕಾಗದದ ಮೇಲೆ ಸ್ವಾತಂತ್ರ್ಯವಿತ್ತು, ಕೋಣೆಯೊಳಗೆ ಇರಲಿಲ್ಲ. 1964ರಲ್ಲಿ ಡಯಾನಾ ಬೌಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು: ನಿಮ್ಮನ್ನು ನಂಬಿ ಬಂದವರನ್ನು ಹೀಗೆ ನಡೆಸಿಕೊಳ್ಳುವ ಹಕ್ಕು ನಿಮಗೆಲ್ಲಿಂದ ಬಂತು ಎಂಬುದು ಅವರ ಆಕ್ಷೇಪದ ತಿರುಳು. ಮನಶ್ಶಾಸ್ತ್ರದಲ್ಲಿ ನೈತಿಕತೆಯ ಚರ್ಚೆಗೆ ಹೊಸ ಬಿಸಿ ಬಂದದ್ದು ಆ ಲೇಖನದಿಂದ.

ವೈದ್ಯಕೀಯದಲ್ಲಿ ಇನ್ನೂ ಘೋರವಾದುದು ನಡೆದಿತ್ತು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತರು. ಅದು ಬಯಲಾದ ಮೇಲೆ ಅಮೆರಿಕದಲ್ಲಿ ಪಾಲ್ಗೊಳ್ಳುವವರನ್ನು ರಕ್ಷಿಸಲು 1974ರ ಕಾನೂನು, 1979ರ ಬೆಲ್ಮಾಂಟ್ ವರದಿ ಬಂದವು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1980ರಲ್ಲೇ ಒಂದು ನೀತಿ ಹೇಳಿಕೆ ಹೊರಡಿಸಿ, 2000, 2006ರಲ್ಲಿ ಅದನ್ನು ವಿಸ್ತರಿಸಿ, 2017ರಲ್ಲಿ ಈಗ ಚಾಲ್ತಿಯಲ್ಲಿರುವ ರಾಷ್ಟ್ರೀಯ ಮಾರ್ಗಸೂಚಿ ಪ್ರಕಟಿಸಿತು. ಅದರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನೆಯ ಸಂಶೋಧನೆಗೇ ಒಂದು ಅಧ್ಯಾಯವಿದೆ. ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಸಿನಾಪ್ಸಿಸ್ ಬರೆಯುವ ಮೊದಲು ಅದನ್ನು ಓದಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1920ರ ದಶಕದಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗ ಕಟ್ಟಿದ, ನಿಮ್ಹಾನ್ಸ್ ಇರುವ ನಾಡು ನಮ್ಮದು. ಇಲ್ಲಿ ಈ ವಿಷಯ ಸಿಲಬಸ್ಸಿನ ಒಂದು ಮೂಲೆಯಲ್ಲಿ ಉಳಿಯಬಾರದು.

ಒಪ್ಪಿಗೆ ಎಂದರೆ ಸಹಿಯಲ್ಲ

ಒಪ್ಪಿಗೆ ಪತ್ರಗಳನ್ನು ನೋಡುತ್ತ ಬಂದವರಿಗೆ ಒಂದು ಮಾದರಿ ಪರಿಚಿತ. ‘ಅಧ್ಯಯನದ ಉದ್ದೇಶ ಹಾಗೂ ಕಾರ್ಯವಿಧಾನಗಳ ಕುರಿತು ನನಗೆ ಸಂಪೂರ್ಣವಾಗಿ ವಿವರಿಸಲಾಗಿದ್ದು, ನಾನು ಸ್ವಯಂಪ್ರೇರಿತನಾಗಿ ಸಮ್ಮತಿಸಿರುತ್ತೇನೆ’ ಎಂಬ ಒಂದು ಉದ್ದನೆಯ ವಾಕ್ಯ, ಕೆಳಗೆ ಸಹಿ. ಇದರಲ್ಲಿ ಪಾಲ್ಗೊಳ್ಳುವವರಿಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಸಂಶೋಧಕರು ತಮ್ಮ ರಕ್ಷಣೆಗೆ ಬರೆದುಕೊಂಡ ಪತ್ರವಿದು.

ಐಸಿಎಂಆರ್ ಕೇಳುವುದು ಎರಡು ಭಾಗ: ಮೊದಲು ಮಾಹಿತಿ ಪತ್ರ, ಆಮೇಲೆ ಒಪ್ಪಿಗೆ ಪತ್ರ. ಮಾಹಿತಿ ಪತ್ರವನ್ನು ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಅವರ ಕೈಗೇ ಕೊಡಬೇಕು. ಓದಲು ಬಾರದವರಿಗೆ ಓದಿ ಹೇಳಿ, ಸಂಶೋಧನೆಗೂ ಕುಟುಂಬಕ್ಕೂ ಸಂಬಂಧವಿಲ್ಲದ ಅಕ್ಷರಸ್ಥ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು. ಒಂದು ಮಾದರಿಯನ್ನು ಇಲ್ಲಿ ಬರೆದು ತೋರಿಸುತ್ತೇನೆ. ಗಂಡಂದಿರು ಕುಡಿಯುವ ಮನೆಗಳಲ್ಲಿ ಹೆಂಗಸರ ಮಾನಸಿಕ ಒತ್ತಡ ಎಂಬ ವಿಷಯ ಇಟ್ಟುಕೊಳ್ಳೋಣ.

‘ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ಮನೆಯಲ್ಲಿ ಕುಡಿತ ಇದ್ದಾಗ ಹೆಂಗಸರ ಮನಸ್ಸಿನ ಮೇಲೆ ಏನಾಗುತ್ತದೆ ಎಂದು ತಿಳಿಯಲು ಬಂದಿದ್ದೇನೆ. ನೀವು ಒಪ್ಪಿದರೆ ಸುಮಾರು ಒಂದು ಗಂಟೆ ಮಾತನಾಡುತ್ತೇವೆ. ಜಗಳ, ಹೊಡೆತ, ಹಣದ ತಾಪತ್ರಯದ ಬಗ್ಗೆಯೂ ಕೇಳುತ್ತೇನೆ. ಕೆಲವು ಪ್ರಶ್ನೆಗಳಿಂದ ನಿಮಗೆ ಸಂಕಟವಾಗಬಹುದು. ಯಾವ ಪ್ರಶ್ನೆಗೂ ಉತ್ತರಿಸದೆ ಇರಬಹುದು, ಮಧ್ಯದಲ್ಲೇ ಎದ್ದು ಹೋಗಬಹುದು. ಕಾರಣ ಹೇಳಬೇಕಿಲ್ಲ. ನಿಮಗೆ ಸಿಗುವ ರೇಷನ್, ಸಂಘದ ಸಾಲ, ಆಸ್ಪತ್ರೆಯ ಚಿಕಿತ್ಸೆ ಯಾವುದಕ್ಕೂ ಇದರಿಂದ ತೊಂದರೆಯಿಲ್ಲ. ಇದರಿಂದ ನಿಮಗೆ ನೇರ ಲಾಭವೂ ಇಲ್ಲ. ನಿಮ್ಮ ಹೆಸರು, ಊರು ಎಲ್ಲೂ ಬರೆಯುವುದಿಲ್ಲ. ಮಾತನ್ನು ರೆಕಾರ್ಡ್ ಮಾಡಲು ನಿಮ್ಮ ಒಪ್ಪಿಗೆ ಬೇರೆಯಾಗಿ ಕೇಳುತ್ತೇನೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಮಾತ್ರ ಕಾನೂನಿನಂತೆ ನಾನು ತಿಳಿಸಲೇಬೇಕಾಗುತ್ತದೆ. ಯೋಚಿಸಿ ನಾಳೆ ಹೇಳಿದರೂ ಆಯಿತು.’

ಇದರ ಕೆಳಗೆ ಸಂಶೋಧಕರ, ಗೈಡ್‌ನ ಹಾಗೂ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯ ಹೆಸರು, ಫೋನ್ ನಂಬರ್ ಇರಬೇಕು. ‘ನಾಳೆ ಹೇಳಿದರೂ ಆಯಿತು’ ಎಂಬ ಮಾತನ್ನು ಕಡೆಗಣಿಸಬೇಡಿ. ಮನೆಗೆ ಬಂದವರಿಗೆ, ಅದರಲ್ಲೂ ಓದಿದ ಹುಡುಗಿಗೆ, ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಎನ್ನುವುದು ನಮ್ಮ ಜನರಿಂದ ಆಗದ ಕೆಲಸ. ಕಾಫಿ ಕೊಟ್ಟು ಕೂರಿಸಿ, ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ಒಂದು ರಾತ್ರಿಯ ಬಿಡುವು ಕೊಟ್ಟರೆ ಆ ದಾಕ್ಷಿಣ್ಯ ಕರಗಿ ನಿಜವಾದ ಮನಸ್ಸು ಹೊರಗೆ ಬರುತ್ತದೆ. ಮಾರನೇ ದಿನ ಆಕೆ ‘ಕೆಲಸ ಇದೆ ಕಣಮ್ಮಾ’ ಎಂದರೆ ಅದನ್ನೇ ‘ಬೇಡ’ ಎಂದು ತಿಳಿದು ನಮಸ್ಕಾರ ಹೇಳಿ ಬರಬೇಕು. ಮತ್ತೊಮ್ಮೆ ಹೋಗಿ ಕೇಳಬಾರದು.

ಮಾಹಿತಿ ಪತ್ರ ಓದಿ ಹೇಳಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಆಯಿತು ಎನ್ನುತ್ತಾರೆ. ಅದರ ಬದಲು ‘ಮಧ್ಯದಲ್ಲಿ ನಿಮಗೆ ಬೇಸರವಾದರೆ ಏನು ಮಾಡಬಹುದು ಅಂತ ಹೇಳಿದೆ?’ ಎಂದು ಕೇಳಿ ನೋಡಿ. ಉತ್ತರದಲ್ಲೇ ತಿಳಿಯುತ್ತದೆ.

ಯಾರು ಕೇಳುತ್ತಿದ್ದಾರೆ ಎಂಬುದೇ ಒತ್ತಡ

ಕಾಲೇಜಿನ ಅಧ್ಯಾಪಕರು ತಮ್ಮದೇ ವಿದ್ಯಾರ್ಥಿಗಳಿಗೆ ಫಾರ್ಮ್ ಹಂಚಿ ‘ಇಷ್ಟ ಇದ್ದವರು ತುಂಬಿ’ ಎಂದರೆ, ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆಯೆಂದು ವಿದ್ಯಾರ್ಥಿಗಳಿಗೆ ಗೊತ್ತಿದೆ. ಕಂಪನಿಯ ಎಚ್.ಆರ್. ವಿಭಾಗ ಕಳಿಸಿದ ‘ಒತ್ತಡದ ಸಮೀಕ್ಷೆ’ಗೂ ಇದೇ ಮಾತು. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರೋ ಆಶಾ ಕಾರ್ಯಕರ್ತೆಯೋ ಜೊತೆಗೆ ಬಂದು ಬಾಗಿಲು ತಟ್ಟಿದರೂ ಹಾಗೆಯೇ. ಹಿರಿಯರ ಅನುಮತಿ ಊರೊಳಗೆ ಕಾಲಿಡಲು ಬೇಕಾಗಬಹುದು, ಅದು ಒಬ್ಬೊಬ್ಬರ ಒಪ್ಪಿಗೆಗೆ ಬದಲಿಯಾಗದು ಎಂದು ಐಸಿಎಂಆರ್ ಸ್ಪಷ್ಟವಾಗಿ ಹೇಳುತ್ತದೆ.

ಪರಿಹಾರ ಕಷ್ಟವೇನಲ್ಲ. ನಿಮ್ಮ ವಿದ್ಯಾರ್ಥಿಗಳೇ ಬೇಕಿದ್ದರೆ ಬೇರೊಂದು ವಿಭಾಗದವರಿಂದ ಫಾರ್ಮ್ ಹಂಚಿಸಿ, ಆ ಹೊತ್ತಿಗೆ ನೀವು ಕೋಣೆಯಲ್ಲಿ ಇರಬೇಡಿ. ತುಂಬಿದವರು, ಖಾಲಿ ಬಿಟ್ಟವರು ಎಲ್ಲರೂ ಒಂದೇ ಬಗೆಯ ಲಕೋಟೆಯಲ್ಲಿ ಹಾಳೆ ಹಾಕಿ ಅಂಟಿಸಿ ಪೆಟ್ಟಿಗೆಗೆ ಹಾಕಲಿ. ಹೀಗೆ ಮಾಡಿದರೆ ಯಾರು ಬೇಡವೆಂದರೆಂದು ಯಾರಿಗೂ ತಿಳಿಯುವುದಿಲ್ಲ. ಹಣದ ವಿಚಾರದಲ್ಲೂ ಸೂಕ್ಷ್ಮ ಬೇಕು. ಬಸ್ ಚಾರ್ಜು, ಕಳೆದುಕೊಂಡ ಕೂಲಿ ಕೊಡುವುದು ನ್ಯಾಯ, ಕೊಡಲೇಬೇಕು. ಆದರೆ ಆ ಹಣಕ್ಕಾಗಿಯೇ ಮನಸ್ಸಿಲ್ಲದವರೂ ಬರುವಷ್ಟು ದೊಡ್ಡ ಮೊತ್ತ ಕೊಟ್ಟರೆ ಅದು ಆಮಿಷ.

ಸಂಶೋಧಕರಿಗೆ ಎರಡು ಪಾತ್ರವಿದ್ದರೆ ಇನ್ನೂ ಅಪಾಯ. 1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಫಿಲಿಪ್ ಜಿಂಬಾರ್ಡೊ ನಡೆಸಿದ ಅಣಕು ಜೈಲಿನ ಪ್ರಯೋಗದಲ್ಲಿ ಅವರೇ ಸಂಶೋಧಕ, ಅವರೇ ಜೈಲಿನ ಸೂಪರಿಂಟೆಂಡೆಂಟ್. ಎರಡು ವಾರ ನಡೆಯಬೇಕಿದ್ದುದನ್ನು ಆರು ದಿನಕ್ಕೇ ನಿಲ್ಲಿಸಿದರು, ಅದೂ ಹೊರಗಿನಿಂದ ಬಂದು ನೋಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಆಕ್ಷೇಪಿಸಿದ ಮೇಲೆ. ಆಪ್ತಸಲಹೆ ಕೊಡುವವರೇ ತಮ್ಮ ಬಳಿ ಬರುವವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗಲೂ ಇದೇ ತೊಡಕು. ‘ಬೇಡ ಎಂದರೆ ಮೇಡಂ ಮೊದಲಿನಷ್ಟು ಗಮನ ಕೊಡಲಿಕ್ಕಿಲ್ಲ’ ಎಂದು ಅವರಿಗೆ ಅನ್ನಿಸುವುದು ಸಹಜ. ಅಲ್ಲಿ ಒಪ್ಪಿಗೆಯನ್ನು ಮತ್ತೊಬ್ಬರು ಕೇಳಲಿ.

ಮಕ್ಕಳು

18 ವರ್ಷದೊಳಗಿನವರಿಗೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಅದರ ಜೊತೆಗೆ ಮಗುವಿನ ಸಮ್ಮತಿಯೂ ಬೇಕು: 7ರಿಂದ 12 ವರ್ಷದವರಿಂದ ಬಾಯಿಮಾತಿನಲ್ಲಿ, 12ರಿಂದ 18ರವರೆಗಿನವರಿಂದ ಬರಹದಲ್ಲಿ. ಮುಖ್ಯೋಪಾಧ್ಯಾಯರ ಅನುಮತಿ ಮೂರನೆಯದು, ಅದೊಂದೇ ಸಾಲದು. ಅಪ್ಪ ಅಮ್ಮ ಒಪ್ಪಿ ಮಗು ಒಲ್ಲೆ ಎಂದರೆ ಮಗುವಿನ ಮಾತೇ ನಡೆಯಬೇಕು. ‘ಪಾಲಕರು ಬೇಡವೆಂದು ಹೇಳಿ ಕಳಿಸದಿದ್ದರೆ ಒಪ್ಪಿದ ಹಾಗೆ’ ಎಂಬ ನೋಟಿಸನ್ನು ಡೈರಿಯಲ್ಲಿ ಅಂಟಿಸಿ ಕಳಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಆ ಡೈರಿ ತೆರೆಯದ ಮನೆಗಳೂ ಇವೆ.

ತರಗತಿಯಲ್ಲಿ ಪ್ರಶ್ನಾವಳಿ ಕೊಡುವುದೇ ಆದರೆ ಒಬ್ಬೊಬ್ಬರನ್ನು ದೂರ ದೂರ ಕೂರಿಸಿ, ಶಿಕ್ಷಕರನ್ನು ಹೊರಗೆ ಇರಲು ವಿನಂತಿಸಿ, ಹೆಸರಿನ ಬದಲು ಕೋಡ್ ಸಂಖ್ಯೆ ಕೊಡಿ. ಬೇಡವೆಂದ ಮಕ್ಕಳು ಸುಮ್ಮನೆ ಕೂತರೆ ಎಲ್ಲರ ಕಣ್ಣು ಅವರ ಮೇಲಿರುತ್ತದೆ. ಅವರಿಗೆ ಅದೇ ಹೊತ್ತಿನಲ್ಲಿ ಮಾಡಲು ಒಂದು ಚಿತ್ರವೋ ಪದಬಂಧವೋ ಇರಲಿ.

ರಾತ್ರಿ ಹನ್ನೊಂದಕ್ಕೆ ಒಂಬತ್ತನೇ ಪ್ರಶ್ನೆ

ನನ್ನನ್ನು ಹೆಚ್ಚು ಕಾಡುವ ವಿಷಯ ಇದು. ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಮಾಪಕವನ್ನು ವಿದ್ಯಾರ್ಥಿಗಳು ಧಾರಾಳವಾಗಿ ಬಳಸುತ್ತಾರೆ. ಅದರ ಒಂಬತ್ತನೆಯ ಪ್ರಶ್ನೆ, ಸತ್ತರೆ ಒಳ್ಳೆಯದಿತ್ತು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕಳೆದ ಎರಡು ವಾರದಲ್ಲಿ ಎಷ್ಟು ಬಾರಿ ಬಂತು ಎಂದು ಕೇಳುತ್ತದೆ. ಈಗ ಅದನ್ನು ಗೂಗಲ್ ಫಾರ್ಮ್‌ಗೆ ಹಾಕಿ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಿಡುವುದು ವಾಡಿಕೆ. ಯಾರೋ ಒಬ್ಬ ಹುಡುಗ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಅದನ್ನು ತೆರೆದು, ಆ ಪ್ರಶ್ನೆಗೆ ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿ ಸಬ್‌ಮಿಟ್ ಒತ್ತುತ್ತಾನೆ ಎಂದುಕೊಳ್ಳಿ. ಪರದೆಯ ಮೇಲೆ ‘ನಿಮ್ಮ ಉತ್ತರ ದಾಖಲಾಗಿದೆ’ ಎಂದು ಬರುತ್ತದೆ, ಅಷ್ಟೇ. ಮೂರು ವಾರದ ನಂತರ ಸಂಶೋಧಕಿ ಎಕ್ಸೆಲ್ ಹಾಳೆ ಡೌನ್‌ಲೋಡ್ ಮಾಡಿದಾಗ ಆ ಉತ್ತರ 3 ಎಂಬ ಅಂಕಿಯಾಗಿ ಒಂದು ಕೋಶದಲ್ಲಿ ಕೂತಿರುತ್ತದೆ. ಹೆಸರಿಲ್ಲ, ನಂಬರಿಲ್ಲ. ಅವನನ್ನು ಹುಡುಕುವ ದಾರಿಯೂ ಇಲ್ಲ.

ಕೇಳಿದ್ದು ನಾವು. ಕೇಳಿದ ಮೇಲೆ ಉತ್ತರಕ್ಕೆ ಹೊಣೆ ಹೊರಬೇಕು. ಆ ಪ್ರಶ್ನೆ ನಿಮ್ಮ ಅಧ್ಯಯನಕ್ಕೆ ಅನಿವಾರ್ಯವೇ ಎಂದು ಮೊದಲು ನೋಡಿ. ಅದನ್ನು ಬಿಟ್ಟ ಎಂಟು ಪ್ರಶ್ನೆಗಳ ರೂಪವೂ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಬೇಕೇ ಬೇಕೆಂದರೆ ಹೆಸರಿಲ್ಲದ ಆನ್‌ಲೈನ್ ಫಾರ್ಮ್ ಬಿಟ್ಟು ಎದುರಾಎದುರು ಕೇಳಿ, ಅಂದೇ ಉತ್ತರಗಳನ್ನು ನೋಡಿ, ಗಂಭೀರವಾದ ಉತ್ತರ ಕೊಟ್ಟವರೊಂದಿಗೆ ಅಂದೇ ಮಾತನಾಡಿ. ಯಾರು ಮಾತನಾಡಬೇಕು, ಯಾವ ಆಸ್ಪತ್ರೆಗೆ ಕಳಿಸಬೇಕು, ಜೊತೆಗೆ ಯಾರು ಹೋಗಬೇಕು ಎಂಬುದನ್ನು ಡೇಟಾ ಸಂಗ್ರಹಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಆನ್‌ಲೈನ್ ಅನಿವಾರ್ಯವಾದರೆ ಫಾರ್ಮ್‌ನ ಮೊದಲ ಪುಟದಲ್ಲೂ ಸಬ್‌ಮಿಟ್ ಆದ ಮೇಲೆ ಬರುವ ಸಂದೇಶದಲ್ಲೂ ಟೆಲಿ ಮನಸ್ ಸಹಾಯವಾಣಿ 14416 ಹಾಕಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಉತ್ತರಗಳನ್ನು ಆ ಕೂಡಲೇ ಯಾರೂ ನೋಡುತ್ತಿರುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ತನ್ನ ಕೂಗು ಯಾರಿಗೋ ಕೇಳಿಸಿದೆ ಎಂದು ಆ ಹುಡುಗ ತಪ್ಪು ತಿಳಿಯಬಾರದು.

ಗೂಗಲ್ ಫಾರ್ಮ್‌ನಲ್ಲಿ ಇನ್ನೊಂದು ಸಣ್ಣ ಗುಂಡಿ ದೊಡ್ಡ ಕೆಡುಕು ಮಾಡುತ್ತದೆ. ಪ್ರತಿ ಪ್ರಶ್ನೆಯ ಕೆಳಗಿರುವ ‘ರಿಕ್ವೈರ್ಡ್’ ಎಂಬ ಸ್ವಿಚ್ಚನ್ನು ಒತ್ತಿಬಿಟ್ಟರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಲು ಆಗದು. ಮಾಹಿತಿ ಪತ್ರದಲ್ಲಿ ‘ಯಾವ ಪ್ರಶ್ನೆಯನ್ನಾದರೂ ಬಿಡಬಹುದು’ ಎಂದು ಬರೆದು ಫಾರ್ಮ್‌ನಲ್ಲಿ ಎಲ್ಲಕ್ಕೂ ಕೆಂಪು ನಕ್ಷತ್ರ ಹಾಕಿರುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಸ್ವಿಚ್ ಆಫ್ ಮಾಡಿ, ಇಲ್ಲವೇ ‘ಉತ್ತರಿಸಲು ಇಷ್ಟವಿಲ್ಲ’ ಎಂಬ ಆಯ್ಕೆಯನ್ನು ಸೇರಿಸಿ. ಇಮೇಲ್ ಸಂಗ್ರಹಿಸುವ ಸೆಟ್ಟಿಂಗ್ ಆನ್ ಆಗಿದ್ದರೆ ‘ನಿಮ್ಮ ಗುರುತು ತಿಳಿಯುವುದಿಲ್ಲ’ ಎಂಬ ಮಾತೂ ಸುಳ್ಳಾಗುತ್ತದೆ. ನಿಜಕ್ಕೂ ಹೆಸರಿಲ್ಲದ ಫಾರ್ಮ್ ಆಗಿದ್ದರೆ, ಒಮ್ಮೆ ಕಳಿಸಿದ ಉತ್ತರವನ್ನು ಆಮೇಲೆ ಹುಡುಕಿ ತೆಗೆದುಹಾಕಲು ಬಾರದೆಂದು ಮೊದಲೇ ಹೇಳಬೇಕು.

ಆನ್‌ಲೈನ್ ಎಂದರೆ ಒಪ್ಪಿಗೆಯೇ ಬೇಡ ಎಂದುಕೊಂಡವರಿಗೆ 2014ರಲ್ಲಿ ಪ್ರಕಟವಾದ ಫೇಸ್‌ಬುಕ್ ಅಧ್ಯಯನದ ಪ್ರಕರಣ ನೆನಪಿರಲಿ. 2012ರ ಜನವರಿಯಲ್ಲಿ ಒಂದು ವಾರ ಕಾಲ 6,89,003 ಬಳಕೆದಾರರ ಪುಟದಲ್ಲಿ ಸಂತೋಷದ ಅಥವಾ ದುಃಖದ ಪೋಸ್ಟುಗಳನ್ನು ಬೇಕೆಂದೇ ಕಡಿಮೆ ಮಾಡಿ ಅವರ ಭಾವನೆ ಬದಲಾಗುತ್ತದೆಯೇ ಎಂದು ನೋಡಿದ್ದರು. ಬಳಕೆಯ ಷರತ್ತುಗಳಿಗೆ ಅವರು ಒಪ್ಪಿದ್ದಾರಲ್ಲ ಎಂಬುದು ಸಮರ್ಥನೆ. ಲೇಖನ ಪ್ರಕಟಿಸಿದ ಪತ್ರಿಕೆಯೇ ಬಳಿಕ ಆ ಬಗ್ಗೆ ಕಳವಳದ ಟಿಪ್ಪಣಿ ಹಾಕಬೇಕಾಯಿತು.

ಗುಟ್ಟು ಮತ್ತು ಅದರ ಗಡಿ

ಹೆಸರು ತೆಗೆದರೆ ಗುರುತು ಅಳಿಯಿತೆಂದು ತಿಳಿಯಬೇಡಿ. ‘ಹೋಬಳಿಯೊಂದರ 42 ವರ್ಷದ, ವಿಚ್ಛೇದಿತ ಮಹಿಳಾ ಪಿಡಿಒ’ ಎಂದು ಬರೆದರೆ ಇಡೀ ತಾಲ್ಲೂಕಿಗೆ ಆಕೆ ಯಾರೆಂದು ಗೊತ್ತಾಗುತ್ತದೆ. ವಯಸ್ಸನ್ನು ‘ನಲವತ್ತರ ಆಸುಪಾಸು’ ಎಂದು, ಹುದ್ದೆಯನ್ನು ‘ಸರ್ಕಾರಿ ನೌಕರಿ’ ಎಂದು ಮಸುಕಾಗಿಸಿ. ಹೆಸರು ಮತ್ತು ಕೋಡ್ ಸಂಖ್ಯೆ ಜೋಡಿಸಿದ ಪಟ್ಟಿ ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ ಬೀಗದಲ್ಲಿರಲಿ. ರೆಕಾರ್ಡಿಂಗ್ ಅನ್ನು ಫೋನಿನಲ್ಲೇ ಬಿಟ್ಟರೆ ಅದು ತಾನಾಗಿ ಕ್ಲೌಡ್‌ಗೆ ಹೋಗುತ್ತದೆ, ಮನೆಯವರ ಕೈಗೂ ಸಿಗುತ್ತದೆ. ಕೆಲವೊಮ್ಮೆ ಭೇಟಿಯ ಜಾಗವೇ ಗುಟ್ಟು ಕೆಡಿಸುತ್ತದೆ. ಕುಡಿತದ ಬಗ್ಗೆ ಹೆಂಡತಿಯನ್ನು ಅವಳ ಮನೆಯ ಜಗಲಿಯಲ್ಲೇ ಕೂರಿಸಿ ಕೇಳಿದರೆ ಒಳಗಿರುವ ಅತ್ತೆಗೆ ಎಲ್ಲವೂ ಕೇಳಿಸುತ್ತದೆ. ಸಂಜೆ ಅದರ ಫಲ ಉಣ್ಣುವವಳು ಅವಳೇ.

ಎಲ್ಲ ಗುಟ್ಟನ್ನೂ ಕಾಪಾಡುತ್ತೇವೆ ಎಂದು ಮಾತು ಕೊಡಲೂ ಬಾರದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ. ಸಂಶೋಧಕರಿಗೆ ವಿನಾಯಿತಿ ಇಲ್ಲ. ಆದ್ದರಿಂದ ಹದಿಹರೆಯದವರೊಂದಿಗೆ ಮಾತಿಗೆ ಕೂರುವ ಮೊದಲೇ ಈ ಗಡಿಯನ್ನು ಅವರಿಗೆ ಹೇಳಿಬಿಡಬೇಕು. ಎಲ್ಲ ಹೇಳಿಸಿಕೊಂಡ ಮೇಲೆ ‘ಇದನ್ನು ನಾನು ತಿಳಿಸಲೇಬೇಕು’ ಎಂದರೆ ಆ ಮಗು ಇನ್ನೊಬ್ಬ ದೊಡ್ಡವರಿಂದ ಮೋಸ ಹೋದ ಹಾಗೆ.

ಸುಳ್ಳು ಹೇಳಬೇಕಾಗಿ ಬಂದಾಗ

ಕೆಲವು ಪ್ರಯೋಗಗಳಲ್ಲಿ ನಿಜವಾದ ಉದ್ದೇಶ ಮೊದಲೇ ಹೇಳಿದರೆ ಫಲಿತಾಂಶವೇ ಕೆಡುತ್ತದೆ. ಅಂಥಲ್ಲಿ ಮರೆಮಾಚುವುದಕ್ಕೆ ಅವಕಾಶವುಂಟು. ಬೇರೆ ದಾರಿ ಇರಬಾರದು, ಎಥಿಕ್ಸ್ ಕಮಿಟಿ ಒಪ್ಪಿರಬೇಕು, ಮುಗಿದ ಕೂಡಲೇ ನಿಜ ಹೇಳಿ, ‘ಈಗ ನಿಮ್ಮ ಉತ್ತರವನ್ನು ಬಳಸಲೇ?’ ಎಂದು ಮತ್ತೆ ಕೇಳಬೇಕು. ಈ ಕೊನೆಯ ಮಾತುಕತೆಗೆ ಡಿಬ್ರೀಫಿಂಗ್ ಎನ್ನುತ್ತಾರೆ. ಎರಡು ನಿಮಿಷದಲ್ಲಿ ಮುಗಿಸುವ ಔಪಚಾರಿಕತೆ ಎಂದು ಅದನ್ನು ನೋಡುವವರೇ ಹೆಚ್ಚು.

1975ರಲ್ಲಿ ರಾಸ್, ಲೆಪ್ಪರ್ ಮತ್ತು ಹಬ್ಬರ್ಡ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಪತ್ರಗಳನ್ನು ಕೊಟ್ಟು, ಇವುಗಳಲ್ಲಿ ಯಾವುದು ನಿಜವಾದ ಆತ್ಮಹತ್ಯೆಯ ಪತ್ರ, ಯಾವುದು ಕಟ್ಟಿದ್ದು ಎಂದು ಗುರುತಿಸಲು ಹೇಳಿ, ಕೆಲವರಿಗೆ ನೀವು ತುಂಬ ಚೆನ್ನಾಗಿ ಮಾಡಿದಿರಿ ಎಂದೂ ಕೆಲವರಿಗೆ ತುಂಬ ಕಳಪೆ ಎಂದೂ ಸುಳ್ಳು ಅಂಕ ಹೇಳಿದರು. ಆಮೇಲೆ ಆ ಅಂಕ ಮೊದಲೇ ಬರೆದಿಟ್ಟದ್ದು, ನಿಮಗೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿಸಿದರು. ಆದರೂ ‘ಕಳಪೆ’ ಎಂದು ಕೇಳಿಸಿಕೊಂಡವರು ತಮ್ಮನ್ನು ಕಳಪೆಯೆಂದೇ ಎಣಿಸುತ್ತ ಉಳಿದರು. ಸುಳ್ಳು ತೆಗೆದರೂ ಅದರ ಕಲೆ ಹೋಗಲಿಲ್ಲ. ಹೀಗೆ ಕಲೆ ಉಳಿಯುವುದು ಮನಸ್ಸಿನ ಸ್ವಭಾವ ಎಂಬುದನ್ನೂ ಬಿಡಿಸಿ ವಿವರಿಸಿದಾಗ ಪರಿಣಾಮ ಬಹುಮಟ್ಟಿಗೆ ಇಳಿಯಿತು. ಹಾಗಾಗಿ ಒಬ್ಬರ ಬುದ್ಧಿ, ರೂಪ, ಸಾಮರ್ಥ್ಯದ ಬಗ್ಗೆ ಸುಳ್ಳು ಹೇಳುವ ಪ್ರಯೋಗವನ್ನು ವಿದ್ಯಾರ್ಥಿ ಮಟ್ಟದಲ್ಲಿ ಮಾಡದಿರುವುದೇ ಲೇಸು. ಮಾಡಿದರೆ ನಿಜ ಹೇಳುವುದಕ್ಕೆ ಪ್ರಯೋಗದಷ್ಟೇ ಸಮಯ ಎತ್ತಿಡಿ, ಕೊನೆಯಲ್ಲಿ ಅವರು ಏನೆಂದುಕೊಂಡು ಹೋಗುತ್ತಿದ್ದಾರೆಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

ಮತ್ತೆ ಒಪ್ಪಿಗೆಯ ಮಾತಿಗೆ ಬಂದರೆ, ಮಾನಸಿಕ ಅಸ್ವಸ್ಥತೆ ಇರುವವರ ಬಗ್ಗೆ ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ ಬರೀ ಸಂದರ್ಶನ ಮಾಡುವುದಕ್ಕೂ ಅವರದೇ ಮುಕ್ತ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಮೇಲೆ ಯಾವುದೇ ಚಿಕಿತ್ಸಾ ಪ್ರಯೋಗ ನಡೆಸಲು ರಾಜ್ಯ ಪ್ರಾಧಿಕಾರದ ಅನುಮತಿ ಬೇಕು, ಅದೂ ಅವರು ಪ್ರತಿರೋಧಿಸದಿದ್ದರೆ ಮಾತ್ರ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಗಂಡನೋ ಅಣ್ಣನೋ ಸಹಿ ಹಾಕಿದರೆ ಸಾಕೆಂಬ ರೂಢಿಗೆ ಕಾನೂನಿನಲ್ಲಿ ಜಾಗವಿಲ್ಲ.

ಎಥಿಕ್ಸ್ ಕಮಿಟಿಯ ಮುಂದೆ

ಎಥಿಕ್ಸ್ ಕಮಿಟಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಅರ್ಧದಷ್ಟು ಸದಸ್ಯರೂ ಹೊರಗಿನವರು. ಕಾನೂನು ತಿಳಿದವರು, ಸಮಾಜವಿಜ್ಞಾನಿ, ಜೊತೆಗೆ ವಿಜ್ಞಾನದ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ನಾಗರಿಕ. ಕೊನೆಯವರ ಮಾತಿಗೆ ಬೆಲೆ ಕೊಡುವ ಸಮಿತಿಯೇ ಒಳ್ಳೆಯ ಸಮಿತಿ. ‘ಈ ಪ್ರಶ್ನೆ ನನ್ನ ತಂಗಿಗೆ ಕೇಳಿದರೆ ಹೇಗಿರುತ್ತದೆ’ ಎಂದು ಯೋಚಿಸುವವರು ಹೆಚ್ಚಾಗಿ ಅವರೇ. ಅಪಾಯ ತೀರ ಕಡಿಮೆ ಇರುವ ಅಧ್ಯಯನಗಳಿಗೆ ವಿನಾಯಿತಿಯೋ ಶೀಘ್ರ ಪರಿಶೀಲನೆಯೋ ಸಿಗುತ್ತದೆ, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಸಮಿತಿ, ಸಂಶೋಧಕರಲ್ಲ. ಡೇಟಾ ಸಂಗ್ರಹಿಸಿ ಆದ ಮೇಲೆ ಅನುಮತಿ ಕೇಳಲು ಬರುವಂತಿಲ್ಲ. ನಿಮ್ಮ ಕಾಲೇಜಿನಲ್ಲಿ ಸಮಿತಿಯೇ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಸಮಿತಿಯನ್ನು ಕೇಳಿಕೊಳ್ಳಬಹುದೇ ಎಂದು ಗೈಡ್ ಮೂಲಕ ವಿಚಾರಿಸಿ, ಮೊದಲ ಸೆಮಿಸ್ಟರಿನಲ್ಲೇ.

ನಿಮ್ಮ ಕೈಗೆ ಫಾರ್ಮ್ ಬಂದರೆ

ಪಾಲ್ಗೊಳ್ಳುವವರಿಗೆ, ಪಾಲಕರಿಗೆ ಒಂದಿಷ್ಟು ಮಾತು. ಸಹಿ ಹಾಕುವ ಮೊದಲು ಮಾಹಿತಿ ಪತ್ರ ಕೇಳಿ ಪಡೆಯಿರಿ. ಎಥಿಕ್ಸ್ ಕಮಿಟಿಯ ಅನುಮತಿ ಆಗಿದೆಯೇ, ಅದರ ಸಂಖ್ಯೆ ಯಾವುದು ಎಂದು ಕೇಳಿ. ನನ್ನ ಉತ್ತರ ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತೀರಿ, ಎಲ್ಲಿ ಪ್ರಕಟಿಸುತ್ತೀರಿ ಎಂದೂ ಕೇಳಿ. ಪ್ರಾಮಾಣಿಕ ಸಂಶೋಧಕರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಒಟಿಪಿ ಕೇಳಿದರೆ ಅದು ಸಂಶೋಧನೆಯಾಗಿರಲಾರದು.

ಒಪ್ಪಿದ ಮೇಲೆ ಮನಸ್ಸು ಬದಲಾದರೆ ‘ನನ್ನ ಉತ್ತರಗಳನ್ನು ತೆಗೆದುಹಾಕಿ’ ಎಂದು ಎರಡು ಸಾಲಿನ ಸಂದೇಶ ಕಳಿಸಿ, ದಿನಾಂಕವಿರಲಿ. ಕಾರಣ ಬರೆಯಬೇಕಿಲ್ಲ. ಪ್ರಶ್ನೆಗಳಿಂದ ಮನಸ್ಸು ಕದಡಿದ್ದರೆ ಅದನ್ನು ನಿಮ್ಮ ದೌರ್ಬಲ್ಯವೆಂದು ಭಾವಿಸದೆ ಸಂಶೋಧಕರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಮಕ್ಕಳ ವಿಷಯವಾದರೆ ಮಕ್ಕಳ ಸಹಾಯವಾಣಿ 1098 ಇದೆ. ಒತ್ತಾಯ ನಡೆದಿದ್ದರೆ, ಗುಟ್ಟು ಹೊರಬಿದ್ದಿದ್ದರೆ, ಮಗುವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಸೇರಿಸಿಕೊಂಡಿದ್ದರೆ ಆ ಸಂಸ್ಥೆಯ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ದೂರು ಬರೆಯಿರಿ. ಸಂಶೋಧನೆಯ ಶೀರ್ಷಿಕೆ, ಸಂಶೋಧಕರ ಹೆಸರು, ನಡೆದ ದಿನ ಮತ್ತು ಜಾಗ, ಏನಾಯಿತು, ನಿಮಗೆ ಏನಾಗಬೇಕು ಎಂಬ ಐದು ವಿವರ ಸಾಕು. ಕನ್ನಡದಲ್ಲೇ ಬರೆಯಬಹುದು. ಮಾಹಿತಿ ಪತ್ರದ ನಿಮ್ಮ ಪ್ರತಿಯ ಫೋಟೊ ಜೊತೆಗೆ ಲಗತ್ತಿಸಿ, ಮೂಲವನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.